ಅಧಿಸೂಚನೆಗೆ ನಾವು ಕಾಯಬಹುದು, ಬೆನ್ನು ಕಾಯುವುದಿಲ್ಲ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದರಲ್ಲಿ ಯಾವ ಊರಿನ ಮೈದಾನಕ್ಕೆ ಬೆಳಿಗ್ಗೆ ಐದೂವರೆಗೆ ಹೋದರೂ ಎರಡು ಬಗೆಯ ಜನ ಸಿಗುತ್ತಾರೆ. ಒಂದು, ಡಾಕ್ಟರ್ ಹೇಳಿದರೆಂದು ಶುಗರ್, ಬಿಪಿ ಇಳಿಸಲು ಸುತ್ತು ಹಾಕುವ ಹಿರಿಯರು. ಇನ್ನೊಂದು, ಪೊಲೀಸ್ ಕೆಲಸಕ್ಕಾಗಿ 1600 ಮೀಟರ್ ಓಟದ ತಾಲೀಮು ಮಾಡುವ ಹುಡುಗರು ಮತ್ತು 400 ಮೀಟರ್ ಓಡುವ ಬೆರಳೆಣಿಕೆಯ ಹುಡುಗಿಯರು. ಅಲ್ಲಿ ಕಾಣದೇ ಇರುವವರ ಸಂಖ್ಯೆ ಇವರಿಬ್ಬರಿಗಿಂತ ದೊಡ್ಡದು. ಎಫ್‌ಡಿಎ, ಎಸ್‌ಡಿಎ, ಪಿಡಿಒ, ಶಿಕ್ಷಕರ ಹುದ್ದೆ ಎಂದು ಓದುತ್ತಿರುವವರು. ಪದವಿಯ ಕೊನೆಯ ಸೆಮಿಸ್ಟರ್‌ನಲ್ಲಿ ಇರುವವರು. ರಾತ್ರಿ ಒಂದರವರೆಗೆ ಓದಿ, ಇಲ್ಲವೇ ಓದುತ್ತೇವೆಂದು ಮೊಬೈಲ್ ಹಿಡಿದು, ಆ ಹೊತ್ತಿಗೆ ಇನ್ನೂ ಮುಸುಕು ಹೊದ್ದು ಮಲಗಿರುವವರು. ನಾನು ಬರೆಯುತ್ತಿರುವುದು ಅವರಿಗೆ, ಅಂದರೆ ನಮಗೆ.

ನಮ್ಮಲ್ಲಿ ಒಂದು ಮಾತು ಬಹಳ ಚಾಲ್ತಿಯಲ್ಲಿದೆ. "ಮೊದಲು ಕೆಲಸ ಸಿಗಲಿ, ಆಮೇಲೆ ಆರೋಗ್ಯ ನೋಡಿಕೊಂಡರಾಯಿತು." ಈ ಮಾತು ಎಷ್ಟು ದುಬಾರಿ ಎನ್ನುವುದಕ್ಕೆ ನಮ್ಮ ಕಣ್ಣೆದುರೇ ಉದಾಹರಣೆ ಇದೆ. 545 ಪಿಎಸ್‌ಐ ಹುದ್ದೆಗಳ ಲಿಖಿತ ಪರೀಕ್ಷೆ ನಡೆದದ್ದು 2021ರ ಅಕ್ಟೋಬರ್‌ನಲ್ಲಿ. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ನಡೆದಾಗ 2024ರ ಜನವರಿ ಬಂದಿತ್ತು. ಅದೇ ವರ್ಷ ಆಗಸ್ಟ್ 27ರಂದು ನಡೆದ ಕೆಎಎಸ್ ಪೂರ್ವಭಾವಿ ಪರೀಕ್ಷೆ, ಕನ್ನಡ ಅನುವಾದದ ಎಡವಟ್ಟಿನಿಂದಾಗಿ ಡಿಸೆಂಬರ್ 29ರಂದು ಮತ್ತೊಮ್ಮೆ ನಡೆಯಿತು. ಪ್ರಾಮಾಣಿಕವಾಗಿ ಓದಿದವರ ತಪ್ಪು ಇದರಲ್ಲಿ ಏನೂ ಇರಲಿಲ್ಲ. ಆದರೂ ಎರಡು ವರ್ಷ ಕಾದವರು ಅವರೇ. ಹೀಗೆ ಕಾಯುವಾಗ ದೇಹವೇನು ಕಪಾಟಿನಲ್ಲಿಟ್ಟ ಮಾರ್ಕ್ಸ್‌ಕಾರ್ಡ್ ಅಲ್ಲವಲ್ಲ, ಇಟ್ಟ ಹಾಗೇ ಇರಲು. ಇಪ್ಪತ್ತೆರಡಕ್ಕೆ ಶುರುವಾದ ಕುತ್ತಿಗೆ ನೋವು ಇಪ್ಪತ್ತಾರಕ್ಕೆ ತಲೆನೋವಾಗಿ, ನಿದ್ದೆಗೇಡಾಗಿ, ಸಿಡುಕಾಗಿ ಮನೆಯವರ ಮೇಲೂ ಹರಿಯುತ್ತದೆ.

ಆದ್ದರಿಂದ ನನ್ನ ವಾದ ಸರಳ. ದಿನಕ್ಕೆ ಅರ್ಧ ಗಂಟೆ ಯೋಗವನ್ನು ಉದ್ಯೋಗಾಕಾಂಕ್ಷಿಗಳು ಓದಿನ ವೇಳಾಪಟ್ಟಿಯ ಒಳಗೇ ಸೇರಿಸಿಕೊಳ್ಳಬೇಕು. ಅದು ಸಮಯ ಉಳಿದರೆ ಮಾಡುವ ಕೆಲಸವಲ್ಲ. ಸಾಮಾನ್ಯ ಜ್ಞಾನಕ್ಕೆ ಒಂದು ಗಂಟೆ, ಮಾನಸಿಕ ಸಾಮರ್ಥ್ಯಕ್ಕೆ ಒಂದು ಗಂಟೆ ಎಂದು ಬರೆದುಕೊಳ್ಳುವ ಅದೇ ಹಾಳೆಯಲ್ಲಿ ಇದಕ್ಕೂ ಒಂದು ಸಾಲು ಇರಲಿ.

ಇದನ್ನು ಹೇಳಿದ ಕೂಡಲೇ ನಮ್ಮ ಕಡೆಯ ಮನೆಗಳಲ್ಲಿ ಬರುವ ಉತ್ತರ ನನಗೆ ಗೊತ್ತು. "ಹೊಲಕ್ಕ ಬಾ, ಎರಡು ಸಾಲು ಕಳೆ ತೆಗಿ, ಅದಾ ನಿನ್ ಯೋಗ." ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಹಾಗಾಗಿ ನಕ್ಕು ತಳ್ಳಿಹಾಕುವಂತಿಲ್ಲ. ಅಪ್ಪ-ಅವ್ವನ ತಲೆಮಾರಿಗೆ ದುಡಿಮೆಯೇ ವ್ಯಾಯಾಮವಾಗಿತ್ತು. ಕೊಟ್ಟೂರು ಜಾತ್ರೆಗೆ, ಮೈಲಾರದ ಕಾರ್ಣಿಕಕ್ಕೆ ಊರೂರುಗಳಿಂದ ನಡೆದೇ ಬರುವ ಹಿರಿಯರ ಕಾಲಿನ ಕಸುವು ಈಗ ಎಷ್ಟು ಜನ ಪದವೀಧರರಿಗಿದೆ? ಆದರೆ ದುಡಿಮೆ ದೇಹವನ್ನು ಬಳಸುತ್ತದೆ, ಸರಿಪಡಿಸುವುದಿಲ್ಲ. ಹಡಗಲಿಯಲ್ಲಿ ನಸುಕಿನಲ್ಲೇ ಮಲ್ಲಿಗೆ ಮೊಗ್ಗು ಬಿಡಿಸುವ ಹೆಣ್ಣುಮಗಳು, ಶೇಂಗಾ ಹೊಲದಲ್ಲಿ ಕಳೆ ತೆಗೆಯುವ ತಾಯಿ, ಇಬ್ಬರ ಬೆನ್ನೂ ದಿನವಿಡೀ ಮುಂದಕ್ಕೇ ಬಾಗಿರುತ್ತದೆ. ಅದನ್ನು ಹಿಂದಕ್ಕೆ ಬಾಗಿಸಿ ಬಿಡಿಸುವ ಕ್ರಮ ಹೊಲದಲ್ಲಿ ಇಲ್ಲ. ಸಂಜೆ ಅವರು ಸೊಂಟದ ಮೇಲೆ ಕೈಯಿಟ್ಟು ಹಿಂದಕ್ಕೆ ಬಾಗಿ "ಅಯ್ಯಪ್ಪಾ" ಎನ್ನುವುದನ್ನು ನೋಡಿದ್ದೀರಲ್ಲ, ಆ ಭಂಗಿಗೆ ಒಂದು ಕ್ರಮ ಕೊಟ್ಟರೆ ಅದೇ ಆಸನ. ಇನ್ನು ನಾವು ಮಕ್ಕಳು ಹೊಲಕ್ಕೂ ಹೋಗುವುದಿಲ್ಲ, ಆದರೆ ಅವರಷ್ಟೇ ಹೊತ್ತು ಪುಸ್ತಕದ ಮೇಲೆ, ಮೊಬೈಲಿನ ಮೇಲೆ ಬಾಗಿ ಕೂರುತ್ತೇವೆ. ಅಪ್ಪನ ಬೆನ್ನು ನೋವಂತೂ ನಮಗೆ ಬಂತು, ಕಾಲಿನ ಕಸುವು ಬರಲಿಲ್ಲ.

ಮನುಷ್ಯನ ತಲೆಯ ತೂಕ ಸುಮಾರು 5 ಕೆ.ಜಿ. ನೆಟ್ಟಗೆ ಕೂತಾಗ ಕುತ್ತಿಗೆ ಹೊರುವುದು ಅಷ್ಟನ್ನೇ. ತಲೆ ಮುಂದಕ್ಕೆ ಬಾಗಿದಷ್ಟೂ ಆ ಹೊರೆ ಏರುತ್ತದೆ. 60 ಡಿಗ್ರಿ ಬಾಗಿದರೆ ಅದು ಸುಮಾರು 27 ಕೆ.ಜಿ.ಗೆ ಸಮ ಎಂದು ಅಮೆರಿಕದ ಬೆನ್ನುಮೂಳೆ ಶಸ್ತ್ರಚಿಕಿತ್ಸಕರೊಬ್ಬರು 2014ರಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. ಅರ್ಧ ಚೀಲ ಗೊಬ್ಬರದ ಭಾರ ಎಂದುಕೊಳ್ಳಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ತೊಡೆಯ ಮೇಲೆ ಪುಸ್ತಕವಿಟ್ಟು ಓದುವ ನಮ್ಮ ರೂಢಿಯಲ್ಲಿ ತಲೆ ಸುಮಾರು ಅಷ್ಟೇ ಬಾಗಿರುತ್ತದೆ.

ಭುಜಂಗಾಸನ, ಶಲಭಾಸನ, ಸೇತುಬಂಧಾಸನ, ಮಾರ್ಜಾಲಾಸನ, ಇವು ಮಾಡುವುದು ಇದರ ವಿರುದ್ಧದ ಕೆಲಸ. ಎದೆಯನ್ನು ತೆರೆಸುತ್ತವೆ, ಬೆನ್ನುಮೂಳೆಯ ಇಕ್ಕೆಲದ ಸ್ನಾಯುಗಳಿಗೆ ಬಲ ಕೊಡುತ್ತವೆ. ಕೂತು ಕೂತು ಬಿಗಿದ ತೊಡೆಯ ಹಿಂಭಾಗಕ್ಕೆ, ಸೊಂಟದ ಕೀಲಿಗೆ ಬೇರೆ ಆಸನಗಳಿವೆ. ಇದು ಬರೀ ನಮ್ಮ ಅಭಿಮಾನದ ಮಾತಲ್ಲ. ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಬಹುಕಾಲದ ಕೆಳಬೆನ್ನು ನೋವಿಗೆ ಮಾತ್ರೆಗಿಂತ ಮೊದಲು ಪ್ರಯತ್ನಿಸಬೇಕಾದ ಉಪಾಯಗಳ ಪಟ್ಟಿಯಲ್ಲಿ ಯೋಗವೂ ಇದೆ. ಮೆಡಿಕಲ್ ಶಾಪಿನಲ್ಲಿ ನೋವಿನ ಮಾತ್ರೆ ಕೇಳಿ ನುಂಗಿ ಮತ್ತೆ ಓದಲು ಕೂರುವ ಗೆಳೆಯರು ಇದನ್ನು ಗಮನಿಸಬೇಕು.

ಯೋಗ ಎಂದರೆ ಬೆಂಗಳೂರಿನ ಎ.ಸಿ. ಹಾಲು, ಬಣ್ಣದ ಮ್ಯಾಟು, ಬಿಗಿಯುಡುಪು ಎಂಬ ಚಿತ್ರ ನಮ್ಮ ತಲೆಯಲ್ಲಿ ಕೂತಿದೆ. ಅದಕ್ಕೆ ಇನ್‌ಸ್ಟಾಗ್ರಾಂ ಕಾರಣ. ನಿಜವಾಗಿ ಇಂದು ಜಗತ್ತು ಮಾಡುತ್ತಿರುವ ಯೋಗದ ಬಹುಪಾಲು ಹೊರಟದ್ದು ನಮ್ಮ ನೆರೆಹೊರೆಯಿಂದ, ಅದೂ ದುಡ್ಡಿಲ್ಲದವರಿಂದ. ತಿರುಮಲೈ ಕೃಷ್ಣಮಾಚಾರ್ಯರು 1888ರಲ್ಲಿ ಹುಟ್ಟಿದ್ದು ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯಲ್ಲಿ. ಓದು ಮುಗಿಸಿ ಬಂದ ಮೇಲೆ ಹೊಟ್ಟೆಪಾಡಿಗೆ ಕಾಫಿ ತೋಟದಲ್ಲಿ ಕೆಲಸ ಮಾಡಿದವರು ಅವರು. ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. 1934ರಲ್ಲಿ 'ಯೋಗ ಮಕರಂದ' ಎಂಬ ಪುಸ್ತಕ ಬರೆದರು, ಬರೆದದ್ದು ಕನ್ನಡದಲ್ಲಿ.

ಅವರ ಭಾವಮೈದುನ ಬಿ.ಕೆ.ಎಸ್. ಅಯ್ಯಂಗಾರ್ ಕಥೆ ನಮ್ಮಂಥವರಿಗೆ ಇನ್ನೂ ಹತ್ತಿರದ್ದು. 1918ರ ಡಿಸೆಂಬರ್‌ನಲ್ಲಿ, ಇನ್‌ಫ್ಲುಯೆಂಜಾ ಹಾವಳಿಯ ನಡುವೆ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಹುಡುಗ. ಮಲೇರಿಯಾ, ಟೈಫಾಯಿಡ್, ಕ್ಷಯ ಒಂದಾದ ಮೇಲೊಂದು ಬಡಿದು ಕೈಕಾಲು ಕಡ್ಡಿಯಂತಾಗಿದ್ದವು. ತಂದೆ ಬಾಲ್ಯದಲ್ಲೇ ತೀರಿಕೊಂಡಿದ್ದರು. ಮೈಸೂರಿನ ಅಕ್ಕನ ಮನೆಗೆ ಬಂದು ಯೋಗ ಕಲಿತ. ಮೆಟ್ರಿಕ್ ಪಾಸಾಗಲಿಲ್ಲ. 1937ರಲ್ಲಿ ಪುಣೆಗೆ ಹೋಗಿ ಯೋಗ ಕಲಿಸಲು ನಿಂತವರು ಮುಂದೆ ದೇಶವಿದೇಶಗಳಿಗೆ ಗುರುವಾದರು, 95 ವರ್ಷ ಬದುಕಿದರು. ಮೆಟ್ರಿಕ್ ಫೇಲಾದವರೆಲ್ಲ ಅಯ್ಯಂಗಾರ್ ಆಗುತ್ತಾರೆಂದು ನಾನು ಹೇಳುತ್ತಿಲ್ಲ, ಗಾಬರಿಯಾಗಬೇಡಿ. ನಾವು ಅವರಿಂದ ಕಲಿಯಬೇಕಾದ್ದು ಬೇರೆ. ದೇಹ ಬಾಗದಿದ್ದರೆ ಆಸನವನ್ನೇ ದೇಹಕ್ಕೆ ಹತ್ತಿರ ತರಬಹುದು ಎಂದು ತೋರಿಸಿದವರು ಅವರು. ಕುರ್ಚಿ, ಹಗ್ಗ, ಇಟ್ಟಿಗೆಯಾಕಾರದ ಮರದ ತುಂಡು, ಗೋಡೆ, ಮಡಚಿದ ಕಂಬಳಿ, ಇವೇ ಅವರ ಸಲಕರಣೆ. ಇವುಗಳಲ್ಲಿ ಯಾವುದು ನಮ್ಮ ಮನೆಯಲ್ಲಿಲ್ಲ? ಆರೇಳುನೂರು ರೂಪಾಯಿಯ ಮ್ಯಾಟ್ ಇಲ್ಲದಿದ್ದರೆ ಹಾಸುವ ಜಮಖಾನ ಸಾಕು.

ಇನ್ನೂ ಹತ್ತಿರದವರು ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ. 'ತಿರುಕ' ಎಂಬ ಹೆಸರಲ್ಲಿ ಬರೆಯುತ್ತಿದ್ದವರು. ಹೊಳಲ್ಕೆರೆ ತಾಲ್ಲೂಕಿನ ಆ ಹಳ್ಳಿಯಲ್ಲಿ ಅನಾಥಸೇವಾಶ್ರಮ ಕಟ್ಟಿ, ಜೋಳಿಗೆ ಹಿಡಿದು ಊರೂರು ತಿರುಗಿ, ಹಳ್ಳಿ ಹುಡುಗರಿಗೆ ಯೋಗ ಶಿಬಿರ ನಡೆಸಿದರು. ಹರಪನಹಳ್ಳಿ, ಕೊಟ್ಟೂರು ಕಡೆಯವರಿಗೆ ಮಲ್ಲಾಡಿಹಳ್ಳಿ ಇಂದಿಗೂ ಪರಿಚಿತ ಹೆಸರು. 1996ರಲ್ಲಿ ಅವರು ತೀರಿಕೊಂಡರು. ಯೋಗ ಉಳ್ಳವರ ಹವ್ಯಾಸ ಎನ್ನುವವರಿಗೆ ಆ ಜೋಳಿಗೆಯೇ ಉತ್ತರ ಎಂದು ನನಗನ್ನಿಸುತ್ತದೆ.

ಈಗ ಮನಸ್ಸಿನ ಮಾತು. ಓದುವವರಿಗೆ ಬೆನ್ನಿಗಿಂತ ದೊಡ್ಡ ಕಾಟ ಇದು. ಫಲಿತಾಂಶದ ಹಿಂದಿನ ರಾತ್ರಿ, ಕಟ್‌ಆಫ್ ಎಷ್ಟು ನಿಲ್ಲಬಹುದು ಎಂಬ ಟೆಲಿಗ್ರಾಂ ಗ್ರೂಪಿನ ಊಹಾಪೋಹ, ಮದುವೆ ಮನೆಯಲ್ಲಿ "ಈಗೇನ್ ಮಾಡ್ಕೊಂಡಿದಿ?" ಎಂದು ಕೇಳುವ ನೆಂಟರು, ಜೊತೆಯಲ್ಲಿ ಓದಿದವನ ಸೆಲೆಕ್ಷನ್ ಸ್ಟೇಟಸ್. ಎದೆ ಢವಗುಟ್ಟುತ್ತದೆ, ಉಸಿರು ಮೇಲೆ ಮೇಲೆ ಆಡುತ್ತದೆ. ಇಲ್ಲಿ ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಮಣಿಕಟ್ಟಿನ ನಾಡಿ ಹಿಡಿದು ಕೂತು ನಿಧಾನಕ್ಕೆ ಉಸಿರು ಎಳೆದುಕೊಳ್ಳಿ, ಬಡಿತ ತುಸು ಚುರುಕಾಗುತ್ತದೆ. ನಿಧಾನಕ್ಕೆ ಬಿಡಿ, ಬಡಿತ ಇಳಿಯುತ್ತದೆ. ಹೃದಯಕ್ಕೆ 'ನಿಧಾನ' ಎಂದು ಹೇಳುವ ವೇಗಸ್ ಎಂಬ ನರ ಉಸಿರು ಬಿಡುವಾಗ ಹೆಚ್ಚು ಕೆಲಸ ಮಾಡುವುದರಿಂದ ಹೀಗಾಗುತ್ತದೆ. ಸಾಮಾನ್ಯವಾಗಿ ನಾವು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ನಾಲ್ಕು ಎಣಿಸುವಷ್ಟು ಹೊತ್ತು ಒಳಗೆಳೆದು, ಆರು ಎಣಿಸುವಷ್ಟು ಹೊತ್ತು ಹೊರಬಿಟ್ಟರೆ ನಿಮಿಷಕ್ಕೆ ಆರೇ ಉಸಿರು. ಐದು ನಿಮಿಷ ಹೀಗೆ ಮಾಡಿದರೆ ಮೈ ತಾನಾಗಿ ಸಡಿಲಾಗುತ್ತದೆ. ಮನಸ್ಸಿಗೆ "ಹೆದರಬೇಡ" ಎಂದು ಹೇಳಿದರೆ ಅದು ಕೇಳುವುದಿಲ್ಲ, ಆದರೆ ಉಸಿರಿನ ಮೂಲಕ ಹೇಳಿದರೆ ಸ್ವಲ್ಪ ಕೇಳುತ್ತದೆ. ಪರೀಕ್ಷಾ ಕೊಠಡಿಯಲ್ಲಿ ಒಎಂಆರ್ ಹಾಳೆ ಕೈಗೆ ಬರುವ ಮುಂಚಿನ ಐದು ನಿಮಿಷಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ತಿಳಿದಿಲ್ಲ. ಮೊದಲ ನಾಲ್ಕು ಪ್ರಶ್ನೆ ಕಠಿಣ ಬಂದವೆಂದು ಗಾಬರಿಯಾಗಿ, ಋಣಾತ್ಮಕ ಅಂಕ ಮರೆತು ಸಿಕ್ಕಸಿಕ್ಕ ವೃತ್ತ ತುಂಬುವವರಲ್ಲಿ ಓದದವರಷ್ಟೇ ಓದಿದವರೂ ಇರುತ್ತಾರೆ.

ಆದರೆ ಹಿಂದಿನ ರಾತ್ರಿ ಯೂಟ್ಯೂಬ್ ನೋಡಿ ಕಲಿತರೆ ಇದು ಕೈಹಿಡಿಯುವುದಿಲ್ಲ. ಉಸಿರಿನ ಕಡೆ ಗಮನ ಇಟ್ಟರೆ ಹತ್ತು ಸೆಕೆಂಡಿನಲ್ಲಿ ಅದು ಎಲ್ಲೋ ಓಡುತ್ತದೆ. ಬೈಯದೆ ಮತ್ತೆ ಕರೆತರಬೇಕು, ಮತ್ತೆ ಓಡುತ್ತದೆ, ಮತ್ತೆ ಕರೆತರಬೇಕು. ಅಭ್ಯಾಸವೆಂದರೆ ಈ ಕರೆತರುವುದೇ. ಭಾರತದ ಸಂವಿಧಾನ ಓದುವಾಗ 32ನೇ ವಿಧಿಯಿಂದ ಮನಸ್ಸು ರೀಲ್ಸ್ ಕಡೆಗೆ ಜಾರಿದರೂ ಮಾಡಬೇಕಾದ್ದು ಇದನ್ನೇ ಅಲ್ಲವೇ? ಪತಂಜಲಿಯ ಸುಮಾರು 195 ಯೋಗಸೂತ್ರಗಳಲ್ಲಿ ಆಸನಕ್ಕೆ ಮೀಸಲಾದವು ಮೂರೇ ಮೂರು. ಉಳಿದದ್ದರಲ್ಲಿ ಬಹುಪಾಲು ಮನಸ್ಸಿನ ವಿಚಾರ. ಕಾಲನ್ನು ಕುತ್ತಿಗೆಗೆ ಸುತ್ತಿಕೊಳ್ಳಲು ಬರುವುದಿಲ್ಲ ಎಂದು ಹಿಂಜರಿಯುವವರು ಈ ಲೆಕ್ಕ ನೆನಪಿಟ್ಟುಕೊಂಡರೆ ಸಾಕು.

ಇಷ್ಟೆಲ್ಲ ಹೊಗಳಿದ ಮೇಲೆ ಯೋಗದಿಂದ ಆಗದೇ ಇರುವುದನ್ನೂ ಹೇಳಬೇಕು. ಇಲ್ಲದಿದ್ದರೆ ಇದು ಜಾಹೀರಾತು ಆಗುತ್ತದೆ. ಯೋಗ ಖಾಲಿ ಹುದ್ದೆ ತುಂಬುವುದಿಲ್ಲ. ನೇಮಕಾತಿ ತಡವಾದದ್ದಕ್ಕೆ, ಪ್ರಶ್ನೆಪತ್ರಿಕೆ ತಪ್ಪಾದದ್ದಕ್ಕೆ ಯುವಕರು ಸಿಟ್ಟಾದರೆ "ಧ್ಯಾನ ಮಾಡಿ, ಸಮಾಧಾನ ಮಾಡಿಕೊಳ್ಳಿ" ಎಂದು ಉಪದೇಶಿಸುವವರಿದ್ದಾರೆ. ನನಗೆ ಅವರ ಮೇಲೆ ಸಿಟ್ಟಿದೆ. ಒತ್ತಡಕ್ಕೆ ಕಾರಣ ವ್ಯವಸ್ಥೆಯಾದಾಗ ಅದನ್ನು ಪ್ರಶ್ನಿಸಲೇಬೇಕು. 371(ಜೆ) ಕೂಡ ಯಾರೂ ಧ್ಯಾನಕ್ಕೆ ಕೂತು ಪಡೆದದ್ದಲ್ಲ. ಹರಪನಹಳ್ಳಿಯವರಂತೂ ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದವರು. ಯೋಗದ ಕೆಲಸ ನಮ್ಮನ್ನು ಸುಮ್ಮನಿರಿಸುವುದಲ್ಲ, ನಿದ್ದೆ, ಹಸಿವು, ಬುದ್ಧಿ ನೆಟ್ಟಗಿಟ್ಟುಕೊಂಡು ನಿಲ್ಲಲು ನೆರವಾಗುವುದು.

ಹಾಗೆಯೇ ಖಿನ್ನತೆ ಕಾಯಿಲೆಯ ಮಟ್ಟಕ್ಕೆ ಹೋದಾಗ ಪ್ರಾಣಾಯಾಮವೊಂದನ್ನೇ ನಂಬಿ ಕೂರಬಾರದು. ವಾರಗಟ್ಟಲೆ ನಿದ್ದೆ ಬಾರದೆ, ಯಾವುದರಲ್ಲೂ ಆಸಕ್ತಿ ಇಲ್ಲದೆ, ಬದುಕೇ ಬೇಡ ಎನ್ನಿಸಿದರೆ ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ನಿಮಗೆ ಬೇಡದಿದ್ದರೂ ರೂಮ್‌ಮೇಟ್‌ಗಾಗಿ ಬರೆದಿಟ್ಟುಕೊಳ್ಳಿ. ಸ್ಲಿಪ್‌ಡಿಸ್ಕ್, ಹರ್ನಿಯಾ, ಅಧಿಕ ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳಿಯೇ ಶುರುಮಾಡಬೇಕು. ಕಪಾಲಭಾತಿ ಎಲ್ಲರಿಗೂ ಒಗ್ಗುವುದಿಲ್ಲ. ಶೀರ್ಷಾಸನವನ್ನು ಮೊಬೈಲ್ ನೋಡಿ ಕಲಿಯುವ ಸಾಹಸವಂತೂ ಬೇಡವೇ ಬೇಡ, ಕುತ್ತಿಗೆ ಒಂದೇ ಇರುವುದು. ಪೊಲೀಸ್ ಓಟಕ್ಕೆ ತಯಾರಾಗುವವರು ಯೋಗ ಮಾಡಿದರೆ ಓಟ ಬಿಡಬಹುದು ಎಂದುಕೊಳ್ಳಬಾರದು. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಮಟ್ಟದ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಧಾನದ ಆಸನಗಳಷ್ಟರಿಂದ ಆ ಲೆಕ್ಕ ತುಂಬುವುದಿಲ್ಲ. ಚುರುಕಾಗಿ ಮಾಡಿದ ಸೂರ್ಯನಮಸ್ಕಾರ, ನಡಿಗೆ, ಸೈಕಲ್ಲು ಸೇರಬೇಕು. ಮಂತ್ರ ಹೇಳಲು ಮನಸ್ಸಿಲ್ಲದವರು ಬಿಡಬಹುದು, ಬೆನ್ನುಮೂಳೆ ಜಾತಿ ಧರ್ಮ ಕೇಳುವುದಿಲ್ಲ.

2015ರಿಂದ ಪ್ರತಿ ಜೂನ್ 21ಕ್ಕೆ ಅಂತರರಾಷ್ಟ್ರೀಯ ಯೋಗ ದಿನ ಆಚರಿಸುತ್ತಿದ್ದೇವೆ. ಒಳ್ಳೆಯದೇ. ಆದರೆ ಅಂದು ಬಿಳಿ ಟೀಶರ್ಟ್ ಹಾಕಿ ಸಾಲಾಗಿ ಕೂತು ಫೋಟೊ ಹೊಡೆಸಿಕೊಂಡು, ಉಪ್ಪಿಟ್ಟು ತಿಂದು ಮನೆಗೆ ಹೋದರೆ ಜೂನ್ 22ಕ್ಕೆ ಮೈ ಕೈ ನೋವು ಬಿಟ್ಟು ಬೇರೇನೂ ಉಳಿಯುವುದಿಲ್ಲ. ವರ್ಷಕ್ಕೊಮ್ಮೆ ಎರಡು ಗಂಟೆಗಿಂತ ದಿನಾ ಇಪ್ಪತ್ತು ನಿಮಿಷ ಮೇಲು. ಶುರು ಮಾಡುವವರು ಐದಾರು ಆಸನ, ಐದು ನಿಮಿಷ ಉಸಿರು, ಕೊನೆಗೆ ಐದು ನಿಮಿಷ ಶವಾಸನ ಎಂದು ಇಟ್ಟುಕೊಂಡರೆ ಸಾಕು. ಬೆಳಿಗ್ಗೆ ಖಾಲಿ ಹೊಟ್ಟೆ ಉತ್ತಮ. ಸಂಜೆ ಮಾಡುವವರು ಊಟವಾಗಿ ಮೂರ್ನಾಲ್ಕು ಗಂಟೆ ಬಿಡಬೇಕು, ನಡುವೆ ಮಂಡಕ್ಕಿ ಮಿರ್ಚಿ ತಿಂದಿದ್ದರೆ ಆ ದಿನ ಮುಂದಕ್ಕೆ ಬಾಗುವ ಆಸನ ಕೈಬಿಡುವುದು ಒಳ್ಳೆಯದು! ನಮ್ಮ ಭಾಗದ ಬೇಸಿಗೆಯಲ್ಲಿ ಆರೂವರೆ ಆದರೆ ಬಿಸಿಲು ಚುರುಗುಟ್ಟುತ್ತದೆ, ಆದ್ದರಿಂದ ನಸುಕೇ ಸರಿ. ಮೊದಲ ಎರಡು ವಾರ ಬೇಜಾರಾಗುತ್ತದೆ. ಮೂರನೆಯ ವಾರ ನಿದ್ದೆ ಬೇಗ ಬರತೊಡಗಿದ್ದನ್ನು ಕೆಲವರಾದರೂ ಗಮನಿಸುತ್ತಾರೆ. ಇದೆಲ್ಲಕ್ಕೂ ಮೊದಲು ಬಲ್ಲವರ ಎದುರು ಕೆಲವು ದಿನ ಕಲಿಯುವುದು ಮುಖ್ಯ.

ಕಲಿಯುವುದಕ್ಕೆ ಜಾಗ ಎಲ್ಲಿ ಎಂಬುದೇ ನಿಜವಾದ ತೊಡಕು, ಹೆಣ್ಣುಮಕ್ಕಳಿಗಂತೂ ಇನ್ನೂ ಹೆಚ್ಚು. ಮನೆಯಲ್ಲಿ ಇರುವುದು ಒಂದೋ ಎರಡೋ ಕೋಣೆ, ಅಲ್ಲಿ ಅಣ್ಣ, ಅಪ್ಪ, ಅಜ್ಜ. ಮಾಳಿಗೆ ಹತ್ತಿದರೆ ಎದುರು ಮನೆಯವರ ಕಣ್ಣು. ಮೈದಾನಕ್ಕೆ ಹೋದರೆ ಮೊಬೈಲ್ ಹಿಡಿದು ನಿಲ್ಲುವ ಪುಂಡರು. ಬಸ್ಸಿಗಾಗಿ ಏಳಕ್ಕೇ ಮನೆ ಬಿಡಬೇಕಾದ ಹಳ್ಳಿಯ ಹುಡುಗಿಗೆ ಅದಕ್ಕೂ ಮೊದಲು ಕಸ, ನೀರು, ರೊಟ್ಟಿ. "ಮನಸ್ಸಿದ್ದರೆ ಮಾರ್ಗ" ಎಂದು ಅವಳಿಗೆ ಹೇಳುವುದು ಸುಲಭ. ಅದರ ಬದಲು ಒಂದು ಬಾಗಿಲು ತೆರೆದರೆ ಮಾರ್ಗ ತಾನೇ ಕಾಣುತ್ತದೆ.

ಐದೂ ತಾಲ್ಲೂಕು ಕೇಂದ್ರಗಳಲ್ಲಿ ಕಾಲೇಜುಗಳಿವೆ, ಹಾಸ್ಟೆಲ್‌ಗಳಿವೆ, ವರ್ಷದ ಬಹುಪಾಲು ಬೀಗ ಹಾಕಿರುವ ಸಮುದಾಯ ಭವನಗಳೂ ಇವೆ. ಆಯುಷ್ ಆರೋಗ್ಯ ಕೇಂದ್ರಗಳಲ್ಲಿ ಯೋಗ ಕಲಿಸುವುದು ಆ ಯೋಜನೆಯ ಭಾಗವೇ ಆಗಿದೆ. ನಿಮ್ಮ ತಾಲ್ಲೂಕಿನಲ್ಲಿ ಆ ತರಗತಿ ಎಲ್ಲಿ, ಎಷ್ಟು ಗಂಟೆಗೆ ನಡೆಯುತ್ತದೆ ಎಂದು ಹೋಗಿ ಕೇಳಿ. ನಡೆಯದಿದ್ದರೆ ಯಾಕೆ ನಡೆಯುತ್ತಿಲ್ಲ ಎಂದೂ ಕೇಳಿ. ಎರಡನೆಯದು, ವಿದ್ಯಾರ್ಥಿಗಳೇ ಸೇರಿ ಪ್ರಾಂಶುಪಾಲರಿಗೆ ಒಂದು ಮನವಿ ಕೊಡಬಹುದು. ಕೇಳಬೇಕಾದ್ದು ದೊಡ್ಡದೇನಲ್ಲ. ಬೆಳಿಗ್ಗೆ ಐದೂವರೆಯಿಂದ ಆರೂವರೆವರೆಗೆ ಕಾಲೇಜಿನ ಸಭಾಂಗಣ, ಅದರಲ್ಲಿ ವಾರಕ್ಕೆ ಮೂರು ದಿನ ಹೆಣ್ಣುಮಕ್ಕಳಿಗೆ ಮಾತ್ರ, ಮತ್ತು ಓದು ಮುಗಿಸಿ ಕೆಲಸ ಹುಡುಕುತ್ತಿರುವ ಹಳೆಯ ವಿದ್ಯಾರ್ಥಿಗಳಿಗೂ ಪ್ರವೇಶ. ಈ ಕೊನೆಯ ಮಾತನ್ನು ಮನವಿಯಲ್ಲಿ ಮರೆಯದೆ ಬರೆಯಿರಿ. ಪದವಿ ಮುಗಿದ ಮರುದಿನದಿಂದಲೇ ಕಾಲೇಜಿನ ಗೇಟು ನಮಗೆ ಮುಚ್ಚುತ್ತದೆ, ಮೈದಾನದ ಹಿರಿಯರ ಗುಂಪಿಗೂ ನಾವು ಸೇರುವುದಿಲ್ಲ. ಸಭಾಂಗಣಕ್ಕೆ ಖರ್ಚು ಎಂದರೆ ಎರಡು ಟ್ಯೂಬ್‌ಲೈಟಿನ ಕರೆಂಟು, ಮತ್ತು ಒಂದು ಗಂಟೆ ಮೊದಲೇ ಬಂದು ಬೀಗ ತೆರೆಯುವ ವಾಚ್‌ಮನ್‌ಗೆ ತಿಂಗಳಿಗಿಷ್ಟು ಎಂದು ಕೊಡಬೇಕಾದ ಭತ್ಯೆ.